ಇಷ್ಟು ರೊಕ್ಕ ಹಾಕೋ ಬದಲು ಗೇರ್ ಸೈಕಲ್ ಯಾಕೆ ತಗೊಳ್ಳಲಿಲ್ಲ?

ಕಲಬುರಗಿಯ ನೆಹರು ಗಂಜಿನಲ್ಲಿರುವ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆ ಸೇಡಂ ರಸ್ತೆ ಕಡೆ. ಹೋಗಲು 6 ಕಿಲೋಮೀಟರ್, ಬರಲು 6. ಐದು ವರ್ಷದಿಂದ ಅಪ್ಪನ ಹಳೆಯ ಅಟ್ಲಾಸ್ ಸೈಕಲ್ಲಿನಲ್ಲೇ ಓಡಾಡುತ್ತಿದ್ದೇನೆ. ಕಪ್ಪು ಬಣ್ಣ, 28 ಇಂಚಿನ ಗಾಲಿ, ಕಡ್ಡಿ ಬ್ರೇಕು (ತಂತಿಯ ಬದಲು ಕಬ್ಬಿಣದ ಕಡ್ಡಿ ಎಳೆಯುವಂಥದ್ದು), ಗೇರ್ ಇಲ್ಲ. ತೂಕ 20 ಕಿಲೋ ಹತ್ತಿರ.

ಮೊದಮೊದಲು ಜನ "ಗಾಡಿ ಇಲ್ಲೇನ್ರಿ?" ಅಂತ ಕೇಳುತ್ತಿದ್ದರು. ಈಗ ಅದು ನಿಂತಿದೆ. ಹೊಸ ಟೈರು, ಹೊಸ ಸೀಟು, ಲೈಟು ಎಲ್ಲ ನೋಡಿ ಬೇರೆ ಪ್ರಶ್ನೆ ಶುರುವಾಗಿದೆ. ಗಂಜಿನ ಚಹಾ ಅಂಗಡಿಯಲ್ಲಿ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ: "ಇದಕ್ಕ ಇಷ್ಟ ರೊಕ್ಕ ಹಾಕ್ತೀರಿ, ಒಂದು ಗೇರ್ ಸೈಕಲ್ಲರ ತಗೋಬಾರದೇನ್ರೀ?" ಚಹಾ ಮುಗಿಯುವಷ್ಟರಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೇರ್ ಬೇಕಾಗುವುದು ಏರಿಗೆ. ನನ್ನ ದಾರಿಯಲ್ಲಿ ಏರು ಅಂದರೆ ರೈಲ್ವೆ ಮೇಲ್ಸೇತುವೆ ಒಂದೇ. ಉಳಿದದ್ದೆಲ್ಲ ಬಯಲು ನೆಲ. ಜಗತ್ ವೃತ್ತ, ಸೂಪರ್ ಮಾರ್ಕೆಟ್ ಮಗ್ಗುಲು, ಅಲ್ಲಿಂದ ಗಂಜು. ಈ ದಾರಿಯಲ್ಲಿ ವೇಗ ಕಡಿಮೆ ಮಾಡುವುದು ಏರಲ್ಲ. ಆಟೋ, ದನ, ತಳ್ಳುಗಾಡಿ. ಒಂದೇ ಒಂದು ತೊಂದರೆ ಇರುವುದು ಆಷಾಢದ ಗಾಳಿಯದು. ಅದು ಎದುರಿಗೆ ಬಂದರೆ ಸಪಾಟು ರಸ್ತೆಯೂ ಏರೇ.

ಅದಕ್ಕೆ ನಾನು ಕಂಡುಕೊಂಡ ದಾರಿ ಫ್ರೀವೀಲ್, ಅಂದರೆ ಹಿಂದಿನ ಗಾಲಿಯಲ್ಲಿ ಚೈನು ಕೂರುವ ಹಲ್ಲಿನ ಚಕ್ರ, ಬದಲಾಯಿಸುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ. ನನ್ನ ಸೈಕಲ್ಲಿನ ಮುಂದಿನ ಚೈನ್ ವೀಲಿಗೆ 44 ಹಲ್ಲು. ಹಿಂದೆ 18 ಹಲ್ಲಿನ ಫ್ರೀವೀಲ್ ಇತ್ತು. 28 ಇಂಚಿನ ಗಾಲಿ ಒಂದು ಸುತ್ತು ಉರುಳಿದರೆ ಸುಮಾರು 2.2 ಮೀಟರ್. ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ಲು 5.4 ಮೀಟರ್ ಮುಂದೆ ಹೋಗುತ್ತಿತ್ತು. 20 ಹಲ್ಲಿನದು ಹಾಕಿಸಿದ ಮೇಲೆ ಅದೇ ಒಂದು ಸುತ್ತಿಗೆ 4.8 ಮೀಟರ್. ದೂರ ಕಡಿಮೆಯಾಯಿತು, ಕಾಲಿಗೆ ಭಾರವೂ ಕಡಿಮೆಯಾಯಿತು. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲು ಗಂಟೆಗೆ 19 ಕಿಲೋಮೀಟರ್ ವೇಗ ಬರುತ್ತಿತ್ತು, ಈಗ 17. ಆರು ಕಿಲೋಮೀಟರಿಗೆ ಎರಡು ನಿಮಿಷದ ವ್ಯತ್ಯಾಸ, ಅಷ್ಟೇ. ಆ ಎರಡು ನಿಮಿಷ ಕೊಟ್ಟು ಮೊಣಕಾಲು ಉಳಿಸಿಕೊಂಡೆ. ಮೇಲ್ಸೇತುವೆಯನ್ನು ಈಗ ಕೂತೇ ಹತ್ತುತ್ತೇನೆ.

ಅದನ್ನು ಹಾಕಿಸಿದ ದಿನ ಚೆನ್ನಾಗಿ ನೆನಪಿದೆ. ನಮ್ಮ ಓಣಿಯ ತುದಿಗೆ ಚಾಚಾ ಒಬ್ಬರ ರಿಪೇರಿ ಅಂಗಡಿ. ತಗಡಿನ ಚಪ್ಪರ, ನೆಲಕ್ಕೆ ಶಹಾಬಾದ್ ಪರ್ಸಿ ಕಲ್ಲು, ಮೂಲೆಯಲ್ಲಿ ಸಾಮಾನು ಕಚ್ಚಿ ಹಿಡಿಯುವ ಒಂದು ವೈಸ್. ಚಾಚಾ ಹಿಂದಿನ ಗಾಲಿ ಬಿಚ್ಚಿದರು. ಎರಡು ಮೂತಿಯ ಒಂದು ಗಟ್ಟಿ ಪಾನಾ ತೆಗೆದು ವೈಸಿನಲ್ಲಿ ನೆಟ್ಟಗೆ ಹಿಡಿಸಿದರು. ಫ್ರೀವೀಲ್ ಕೆಳಗೆ ಬರುವ ಹಾಗೆ ಗಾಲಿಯನ್ನು ಅದರ ಮೇಲೆ ಕೂರಿಸಿದರು. ಆಮೇಲೆ ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ರಿಮ್ ಹಿಡಿದು ಎಡಕ್ಕೆ ಜಗ್ಗಿದರು. ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟು ಒಂದು ಬೀಡಿ ಸೇದುವಷ್ಟು ಹೊತ್ತು ಕಾದರು. "ಬೇಟಾ, ನೀ ತುಳಿದಷ್ಟೂ ಇದು ಬಿಗಿ ಆಗ್ತದ. ಐದು ವರ್ಷ ನೀ ಬಿಗಿ ಮಾಡಿದ್ದು ನಾ ಒಂದ್ ನಿಮಿಷದಾಗ ಬಿಚ್ಚಬೇಕಲ್ಲ" ಅಂದರು. ಎರಡನೇ ಸಲ ಜಗ್ಗಿದಾಗ ಕಟ್ ಅಂತ ಸದ್ದು. ಆಮೇಲೆ ಬೆರಳಲ್ಲೇ ಬಿಚ್ಚಿ ಬಂತು. ಹೊಸದನ್ನು ಹಾಕುವ ಮೊದಲು ಗಾಲಿಯ ನಡುವಿನ ಹಬ್ಬಿನ ಥ್ರೆಡ್ಡಿಗೆ ಬೆರಳಿನಿಂದ ಗ್ರೀಸ್ ಸವರಿದರು, ಮುಂದಿನ ಸಲ ಬಿಚ್ಚುವವರಿಗೆ ಕಷ್ಟ ಆಗಬಾರದು ಅಂತ. ನಿಮ್ಮ ಮೆಕ್ಯಾನಿಕ್ ಇದನ್ನು ಮಾಡುತ್ತಾರೋ ಇಲ್ಲವೋ ನಿಂತು ನೋಡಿ.

ಅವತ್ತು ನಾನು ಮಾಡಿದ ತಪ್ಪು ಒಂದಿದೆ. ಚೈನು ಹಳೆಯದೇ ಇರಲಿ ಅಂದೆ. ಎರಡು ಹಲ್ಲು ಜಾಸ್ತಿಯಾದರೆ ಹಿಂದಿನ ಗಾಲಿಯನ್ನು ಅರ್ಧ ಸೆಂಟಿಮೀಟರಿಗಿಂತ ಚೂರು ಜಾಸ್ತಿ ಮುಂದೆ ಸರಿಸಿದರೆ ಸಾಕು, ಅದೇ ಚೈನು ಹಿಡಿಯುತ್ತದೆ. ಹಿಡಿಯಿತು ಕೂಡ. ಆದರೆ ಮರುದಿನ ಮೇಲ್ಸೇತುವೆಯ ಮೇಲೆ ಒತ್ತಿ ತುಳಿದಾಗ ಚೈನು ಹಲ್ಲಿನ ಮೇಲೆ ಜಿಗಿಯಿತು. ಕಾಲು ಜಾರಿ ಮೊಣಕಾಲು ಫ್ರೇಮಿನ ಅಡ್ಡ ಬಾರಿಗೆ ಬಡಿಯಿತು. ಸವೆದ ಚೈನು ಹೊಸ ಹಲ್ಲಿಗೆ ಹೊಂದುವುದಿಲ್ಲ. ಸವೆದಿದೆಯೋ ಇಲ್ಲವೋ ಅಂತ ನೋಡಲು ಮಕ್ಕಳ ಸ್ಕೇಲೇ ಸಾಕು. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಡಿ. ಹೊಸ ಚೈನಿನಲ್ಲಿ 24 ಕೊಂಡಿ ದಾಟಿದ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. 12ರ ಗೆರೆಗಿಂತ ಇಂಚಿನ ಎಂಟನೇ ಒಂದು ಭಾಗ ಆಚೆ ಹೋಗಿದ್ದರೆ ಆ ಚೈನಿನ ಆಯಸ್ಸು ಮುಗಿದಿದೆ. ಫ್ರೀವೀಲ್ ಹೊಸದಾದರೆ ಚೈನೂ ಹೊಸದಿರಲಿ. ಎರಡನ್ನೂ ಜೊತೆಗೇ ಹಾಕಿಸಿ.

ಅಟ್ಲಾಸ್ ಕಂಪನಿ ಶುರುವಾಗಿದ್ದು 1951ರಲ್ಲಿ, ಹರಿಯಾಣದ ಸೋನಿಪತ್‌ನಲ್ಲಿ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ದೆಹಲಿ ಹತ್ತಿರದ ಸಾಹಿಬಾಬಾದ್ ಕಾರ್ಖಾನೆಯಲ್ಲಿ ಅವರ ಕೆಲಸ ನಿಂತಿತು. ಆ ಸುದ್ದಿ ಓದಿದಾಗ ನನಗೆ ಮನೆಯವರೊಬ್ಬರು ಹೋದಷ್ಟು ಬೇಜಾರಾಯಿತು. ಆದರೆ ಸೈಕಲ್ಲಿಗೆ ಏನೂ ಆಗಲಿಲ್ಲ. ಈ ಜಾತಿಯ ಸೈಕಲ್ಲುಗಳ ಟೈರು, ಟ್ಯೂಬು, ಚೈನು, ಕಾಟರ್ ಪಿನ್ನು (ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಪಿನ್ನು) ಯಾವ ಕಂಪನಿಯದಾದರೂ ಒಂದೇ ಅಳತೆ. ಹೀರೋದ್ದು ಇದಕ್ಕೆ ಕೂರುತ್ತದೆ, ಹರ್ಕ್ಯುಲಿಸ್‌ನದೂ ಕೂರುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಟ್ಯೂಬು ನೇತುಹಾಕಿರುತ್ತಾರೆ. ನಮ್ಮ ಮಿಲ್ಲಿನ ಒಬ್ಬರ ಮಗನಿಗೆ ಗೇರ್ ಸೈಕಲ್ ಕೊಡಿಸಿದ್ದರು. ಒಂದು ಸಲ ಬಿದ್ದು ಗೇರ್ ಹಿಡಿಯುವ ತುಂಡು ಬಾಗಿತು. ಆ ತುಂಡು ತರಿಸಲು ಮೂರು ವಾರ. ಅಷ್ಟು ದಿನ ಹುಡುಗ ಆಟೋದಲ್ಲಿ ಕಾಲೇಜಿಗೆ ಹೋದ. ಗೇರ್ ಸೈಕಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದಿನಾ 25-30 ಕಿಲೋಮೀಟರ್ ತುಳಿಯುವವರಿಗೆ, ದಾರಿಯಲ್ಲಿ ಏರಿಳಿತ ಇರುವವರಿಗೆ ಅದೇ ಸರಿ. ಬೆಳಿಗ್ಗೆ ಎಂಟಕ್ಕೆ ಕೆಲಸದ ಜಾಗದಲ್ಲಿ ಇರಲೇಬೇಕಾದ ನನ್ನಂಥವನಿಗೆ ಓಣಿಯಲ್ಲೇ ರಿಪೇರಿ ಆಗುವ ಸೈಕಲ್ ಬೇಕು.

ಎರಡು ವರ್ಷದ ಹಿಂದೆ ಸೀಟಿನ ಕೆಳಗೆ ಫ್ರೇಮಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಕರಗಿಸಿ ಬೆಸೆದರು. ಅರ್ಧ ಗಂಟೆಯ ಕೆಲಸ. ಉಕ್ಕಿನ ಗುಣ ಅದು. ಅಲ್ಯೂಮಿನಿಯಂ ಫ್ರೇಮನ್ನು ಹೀಗೆ ಬೀದಿಬದಿಯಲ್ಲಿ ಬೆಸೆಯಲು ಬರುವುದಿಲ್ಲ.

ಇನ್ನು ರೊಕ್ಕದ ವಿಷಯ. ಮೊದಲು ಏನು ಮಾಡಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ರೊಕ್ಕವೇ ಬೇಡದ ಕೆಲಸ: ಸೀಟು ಎತ್ತರಿಸಿ. ನಮ್ಮ ಕಡೆ ಎಲ್ಲರೂ ಸೀಟು ತೀರಾ ಕೆಳಗೆ ಇಟ್ಟುಕೊಳ್ಳುತ್ತಾರೆ, ಕಾಲು ನೆಲಕ್ಕೆ ಪೂರ್ತಿ ಸಿಗಲಿ ಅಂತ. ಮೊಣಕಾಲು ನೋಯುವುದು ಜಾಸ್ತಿ ಅದರಿಂದಲೇ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುತ್ತೇವಲ್ಲ, ಆಗ ಮೊಣಕಾಲು ಎಷ್ಟು ಬೇಕೋ ಅಷ್ಟೇ ಮಡಚುತ್ತದೆ. ನಾನು ಎರಡು ಇಂಚು ಎತ್ತರಿಸಿದೆ. ಮೊದಲ ವಾರ ಸಿಗ್ನಲ್ಲಿನಲ್ಲಿ ನಿಲ್ಲುವಾಗ ಅಳುಕಾಯಿತು, ಆಮೇಲೆ ರೂಢಿಯಾಯಿತು. ಸ್ಪ್ರಿಂಗ್ ಇರುವ ಚರ್ಮದ ಸೀಟು ಹಾಕಿಸಿದ್ದು ಆಮೇಲೆ.

ರೊಕ್ಕ ಹಾಕುವುದಾದರೆ ಮೊದಲು ಟೈರಿಗೆ ಹಾಕಿ. ನಮ್ಮೂರಲ್ಲಿ ಸೈಕಲ್ಲಿನ ಶತ್ರು ಬಳ್ಳಾರಿ ಜಾಲಿ. ಖಾಲಿ ಜಾಗ ಕಂಡಲ್ಲೆಲ್ಲ ಬೆಳೆದಿರುತ್ತದೆ, ಕಡಿದವರು ಕೊಂಬೆಯನ್ನು ರಸ್ತೆ ಮೇಲೆ ಎಳೆದುಕೊಂಡು ಹೋಗುತ್ತಾರೆ, ಮುಳ್ಳು ಅಲ್ಲೇ ಉಳಿಯುತ್ತದೆ. ಹಳೆಯ ಟೈರಿದ್ದಾಗ ಎರಡು ವಾರಕ್ಕೊಂದು ಪಂಚರ್. ದಪ್ಪ ಟೈರು, ದಪ್ಪ ಟ್ಯೂಬು ಹಾಕಿಸಿದ ಮೇಲೆ ಕಳೆದ ವರ್ಷ ಒಟ್ಟು ಮೂರು ಸಲ ಆಗಿದೆ. ಈ ಸೈಕಲ್ಲಿಗೆ ಪಂಚರ್ ಹಾಕಲು ಗಾಲಿ ಬಿಚ್ಚಬೇಕಾಗಿಲ್ಲ. ಟೈರಿನ ಒಂದು ಅಂಚು ಎತ್ತಿ ಟ್ಯೂಬನ್ನು ಹೊರಗೆ ಎಳೆದರೆ ಆಯಿತು. ಪಂಚರ್ ಹಾಕಿದ ಮೇಲೆ ಟೈರಿನ ಒಳಗೆ ಒಂದು ಹತ್ತಿ ಬಟ್ಟೆ ಸುತ್ತಲೂ ಆಡಿಸಿ. ಮುಳ್ಳಿನ ತುದಿ ಇನ್ನೂ ಒಳಗಿದ್ದರೆ ಬಟ್ಟೆಯ ನೂಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಆಡಿಸಿದರೆ ಬೆರಳಿಗೇ ಚುಚ್ಚುತ್ತದೆ. ಈ ಒಂದು ಕೆಲಸ ಬಿಟ್ಟರೆ ಅದೇ ಮುಳ್ಳು ಸಂಜೆಯೊಳಗೆ ಇನ್ನೊಂದು ತೂತು ಮಾಡುತ್ತದೆ.

ಬ್ರೇಕಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಮಳೆಯಲ್ಲಿ ಕಡ್ಡಿ ಬ್ರೇಕು, ಕ್ರೋಮ್ ರಿಮ್ಮು ಎರಡೂ ಸೇರಿದರೆ ಸರಿಯಾಗಿ ನಿಲ್ಲುವುದಿಲ್ಲ. ನುಣುಪು ಉಕ್ಕಿನ ಮೇಲೆ ನೀರಿದ್ದರೆ ರಬ್ಬರ್ ಜಾರುತ್ತದೆ. ವರ್ಷಕ್ಕೊಮ್ಮೆ, ಮಿರಗದ (ಮೃಗಶಿರ) ಮಳೆಗೆ ಮೊದಲೇ, ಬ್ರೇಕ್ ರಬ್ಬರ್ ಬದಲಿಸುತ್ತೇನೆ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಆಗಾಗ ಹಗುರವಾಗಿ ಒತ್ತುತ್ತಾ ಹೋಗುತ್ತೇನೆ, ರಿಮ್ಮಿನ ನೀರು ಒರೆಸಿಹೋಗಲಿ ಅಂತ. ಮುಂದಿನ ಗಾಡಿಯಿಂದ ಎರಡು ಪಟ್ಟು ದೂರ ಇರುತ್ತೇನೆ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಮಳೆಗಾಲದಲ್ಲಿ ಎರೆ ಮಣ್ಣಿನ ಕಾಟ ಬೇರೆ. ಹೊಸ ಬಡಾವಣೆಯ ಕಚ್ಚಾ ರಸ್ತೆಗೆ ಇಳಿದರೆ ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಒಂದು ಬಿದಿರಿನ ಕಡ್ಡಿ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡಿದ್ದೇನೆ, ಕೆರೆದು ತೆಗೆಯಲು.

ಲೈಟಿಗೆ ಅಪ್ಪನ ಡೈನಮೋ ಇತ್ತು. ಟೈರಿಗೆ ಉಜ್ಜಿ ತಿರುಗುವ, 6 ವೋಲ್ಟಿನದು. ಅದರ ಸದ್ದು ನನಗೆ ಇಷ್ಟ, ಈಗಲೂ ತೆಗೆದಿಲ್ಲ. ಆದರೆ ಸೈಕಲ್ ನಿಂತರೆ ಅದೂ ಆರಿಹೋಗುತ್ತದೆ. ಕತ್ತಲಲ್ಲಿ ರಿಂಗ್ ರಸ್ತೆ ದಾಟಲು ನಿಂತಾಗ ಹಿಂದೆ ಲಾರಿ ಬರುತ್ತಿದ್ದರೆ ಅದು ಆಗಿಬರುವುದಿಲ್ಲ. ಹಾಗಾಗಿ ಹಿಂದೆ ಚಾರ್ಜ್ ಮಾಡುವ ಕೆಂಪು ಲೈಟು, ಮಡ್‌ಗಾರ್ಡಿನ ಬಿಳಿ ಬಣ್ಣದ ಮೇಲೆ ಹೊಳೆಯುವ ಟೇಪು. ದಯವಿಟ್ಟು ಹಿಂದಿನ ಲೈಟಿಗೆ ಜಿಪುಣತನ ಮಾಡಬೇಡಿ. ಬೇರೆ ಯಾವ ಸಾಮಾನನ್ನೂ ನಾನು ಇಷ್ಟು ಒತ್ತಿ ಹೇಳುವುದಿಲ್ಲ.

ಕ್ಯಾರಿಯರ್ ಮೊದಲೇ ಇತ್ತು, ಸುಮ್ನೆ ಬಣ್ಣ ಹೊಡೆಸಿದೆ. ಹಳೆಯ ಟ್ಯೂಬು ಸೀಳಿ ಪಟ್ಟಿ ಮಾಡಿಕೊಂಡಿದ್ದೇನೆ. ರೊಟ್ಟಿಯ ಡಬ್ಬಿ, ತಿಂಗಳಿಗೊಮ್ಮೆ 10 ಕಿಲೋ ತೊಗರಿಬೇಳೆಯ ಚೀಲ, ಎಲ್ಲವನ್ನೂ ಅದೇ ಹಿಡಿಯುತ್ತದೆ. ಸೀಟಿನ ಮೇಲೆ ಹಾಕುವ ಜೆಲ್ ಕವರ್, ಜಂಪಿಂಗ್ ಫೋರ್ಕ್ ಇವೆಲ್ಲ ಬೇಡ. ಭಾರ ಜಾಸ್ತಿ, ಕೆಲಸ ಕಡಿಮೆ.

"ಬ್ಯಾಸಗ್ಯಾಗ ಹೆಂಗ್ರೀ?" ಅಂತಲೂ ಕೇಳುತ್ತಾರೆ. ಏಪ್ರಿಲ್-ಮೇದಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಏಳಕ್ಕೇ ಹೊರಡುತ್ತೇನೆ, ಸಂಜೆ ಬಿಸಿಲು ಇಳಿದ ಮೇಲೆ ಬರುತ್ತೇನೆ. ತಲೆಗೆ ಒದ್ದೆ ದಸ್ತಿ, ಅಡ್ಡ ಬಾರಿಗೆ ಕಟ್ಟಿದ ನೀರಿನ ಬಾಟಲಿ, ಅದರ ಸುತ್ತ ಒದ್ದೆ ಗೋಣಿ ಬಟ್ಟೆ. ಸೈಕಲ್ಲನ್ನು ಬೇವಿನ ನೆರಳಲ್ಲೇ ನಿಲ್ಲಿಸುತ್ತೇನೆ. ಬಿಸಿಲಲ್ಲಿ ಬಿಟ್ಟರೆ ಹಳೆಯ ಪಂಚರ್ ತುಂಡುಗಳ ಅಂಚು ಬಿಟ್ಟುಕೊಳ್ಳುತ್ತವೆ, ಹಿಡಿಯೂ ಮುಟ್ಟಲಾಗದಷ್ಟು ಸುಡುತ್ತದೆ.

ಹೋದ ಸೋಮವಾರದಿಂದ ಎಡಗಾಲು ತುಳಿದಾಗಲೆಲ್ಲ ಟಕ್ ಟಕ್ ಅನ್ನುತ್ತಿದೆ. ಕಾಟರ್ ಪಿನ್ ಸವೆದಿದೆ. ಹೊಸ ಪಿನ್ನು ತಂದು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಚಾಚಾ ಅಂಗಡಿ ತೆರೆಯುತ್ತಾರೆ. ಸುತ್ತಿಗೆಯ ನಾಲ್ಕು ಪೆಟ್ಟು, ಒಂದು ನಟ್ಟು, ಒಂದು ಚಹಾ.