ಗ್ರಿಂಡೆಲ್‌ವಾಲ್ಡ್‌ನಿಂದ ವೆಂಗೆನ್‌ಗೆ: ಘಟ್ಟ ದಾಟಿ ಒಂದು ದಿನದ ನಡಿಗೆ

ಸ್ವಿಟ್ಜರ್ಲೆಂಡ್‌ಗೆ ಹೋಗುವ ನಮ್ಮವರಲ್ಲಿ ತುಂಬಾ ಜನ ಹಿಮದ ಬೆಟ್ಟಗಳ ನಡುವಿನ ರೈಲು ನಿಲ್ದಾಣ ಯುಂಗ್‌ಫ್ರೌಯೋಖ್ ನೋಡಿಕೊಂಡು ಬರುತ್ತಾರೆ. ದಾರಿಯಲ್ಲಿ ಕ್ಲೈನೆ ಶೈಡೆಗ್ ಎಂಬ ನಿಲ್ದಾಣದಲ್ಲಿ ರೈಲು ಬದಲಿಸಿ, ನಾಲ್ಕು ಫೋಟೊ ತೆಗೆದು ಮುಂದೆ ಹೋಗಿಬಿಡುತ್ತಾರೆ. ಆ ನಿಲ್ದಾಣ ಇರುವುದು ಒಂದು ಘಟ್ಟದ ನೆತ್ತಿಯಲ್ಲಿ. ಈಚೆ ಗ್ರಿಂಡೆಲ್‌ವಾಲ್ಡ್, ಆಚೆ ವೆಂಗೆನ್. ಒಂದೂರಿನಿಂದ ಇನ್ನೊಂದೂರಿಗೆ ಒಂದೇ ದಿನದಲ್ಲಿ ನಡೆದು ದಾಟಬಹುದು. ಜುಲೈನಲ್ಲಿ ನಾನು ಮತ್ತು ತಮ್ಮ ಹೀಗೆ ದಾಟಿದೆವು. ಅಪ್ಪ ಅಮ್ಮ ರೈಲಿನಲ್ಲಿ ಬಂದು ಮೇಲೆ ನಮ್ಮನ್ನು ಸೇರಿಕೊಂಡರು.

ಈ ದಾರಿಯನ್ನು ನಮ್ಮ ಕುಟುಂಬಗಳಿಗೆ ಹೇಳಬೇಕು ಅನಿಸಿದ್ದೇ ಈ ಕಾರಣಕ್ಕೆ. 1893ರಿಂದ ಇಲ್ಲಿ ಹಲ್ಲುಚಕ್ರದ ರೈಲು ಓಡುತ್ತಿದೆ. ಕಾಲುದಾರಿ ಬಹಳ ಕಡೆ ಅದರ ಹತ್ತಿರವೇ ಸಾಗುತ್ತದೆ. ಮಂಡಿ ನೋವಿದ್ದವರು ರೈಲಿನಲ್ಲಿ ಬರಬಹುದು, ನಡೆಯುವವರಿಗೆ ಸುಸ್ತಾದರೆ ನಡುವಿನ ಯಾವುದಾದರೂ ನಿಲ್ದಾಣದಲ್ಲಿ ಹತ್ತಿಕೊಳ್ಳಬಹುದು.

ಎತ್ತರದ ಲೆಕ್ಕ ಮೊದಲೇ ಗೊತ್ತಿರಲಿ. ಗ್ರಿಂಡೆಲ್‌ವಾಲ್ಡ್‌ನ ತಗ್ಗಿನ ನಿಲ್ದಾಣ ಗ್ರುಂಡ್ ಇರುವುದು 943 ಮೀಟರ್‌ನಲ್ಲಿ. ಕ್ಲೈನೆ ಶೈಡೆಗ್ 2,061 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರ್‌ಗೂ ಜಾಸ್ತಿ. ವೆಂಗೆನ್ 1,274. ಹೀಗೆ ಸಾವಿರದ ನೂರು ಮೀಟರ್ ಹತ್ತಿ, ಎಂಟುನೂರರ ಹತ್ತಿರ ಇಳಿಯಬೇಕು. ನಾವು ಬೆಳಗ್ಗೆ ಏಳಕ್ಕೆ ಹೊರಟೆವು. ಅಲ್ಲಲ್ಲಿ ಕೂತು ಹತ್ತಿದ್ದರಿಂದ ಮೇಲೆ ತಲುಪುವಾಗ ಹನ್ನೊಂದೂವರೆ. ಹಳದಿ ಫಲಕಗಳಲ್ಲಿ ನಡಿಗೆಯ ಸಮಯ ಬರೆದಿರುತ್ತಾರೆ, ಆದರೆ ಅದರಲ್ಲಿ ವಿಶ್ರಾಂತಿಯ ಹೊತ್ತು ಸೇರಿರುವುದಿಲ್ಲ. ಒಂದೆರಡು ಗಂಟೆ ಕೂಡಿಸಿಕೊಳ್ಳಿ.

ಮೊದಲ ಭಾಗ ನನಗೆ ಇಷ್ಟವಾಗಲಿಲ್ಲ. ಮನೆಗಳ ನಡುವೆ ಕಡಿದಾದ ಡಾಂಬರು ರಸ್ತೆ, ಆಮೇಲೆ ಕಾಡು. ಮಕ್ಕಳಿದ್ದರೆ, ಅಥವಾ ದಿನಾ ನಡೆದು ಅಭ್ಯಾಸವಿಲ್ಲದಿದ್ದರೆ, 1,600 ಮೀಟರ್ ಎತ್ತರದ ಆಲ್ಪಿಗ್ಲೆನ್‌ವರೆಗೆ ರೈಲಿನಲ್ಲೇ ಹೋಗಿ. ಹತ್ತುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯುತ್ತದೆ, ನೋಡಬೇಕಾದ್ದೆಲ್ಲ ಅಲ್ಲಿಂದ ಮುಂದೆಯೇ ಇದೆ.

ಆಲ್ಪಿಗ್ಲೆನ್ ದಾಟಿದರೆ ಎಡಕ್ಕೆ ಐಗರ್ ಬೆಟ್ಟದ ಉತ್ತರದ ಗೋಡೆ. ಗೋಡೆ ಅನ್ನುವುದೇ ಸರಿಯಾದ ಮಾತು. ಸುಮಾರು 1,800 ಮೀಟರ್ ನೆಟ್ಟಗೆ ನಿಂತ ಬಂಡೆ. ಬೆಳಗ್ಗೆ ಅದು ಪೂರ್ತಿ ನೆರಳಿನಲ್ಲಿ ಕಪ್ಪಗಿತ್ತು. 1938ರ ಜುಲೈನಲ್ಲಿ ನಾಲ್ವರು ಮೊದಲ ಸಲ ಈ ಗೋಡೆ ಹತ್ತಿ ತುದಿ ಮುಟ್ಟಿದರು. ಅದಕ್ಕೂ ಮೊದಲು ಪ್ರಯತ್ನಿಸಿದ ಹಲವರು ಇಲ್ಲೇ ಜೀವ ಬಿಟ್ಟಿದ್ದಾರೆ. ಆ ಬಂಡೆಯ ಕೆಳಗೆ ಹುಲ್ಲುಗಾವಲು, ಹೂಗಳು, ದೊಡ್ಡ ಗಂಟೆ ಕಟ್ಟಿಕೊಂಡು ಮೇಯುವ ಹಸುಗಳು. ನಾನೂ ತಮ್ಮನೂ ತುಂಬಾ ಹೊತ್ತು ಮಾತಾಡಲೇ ಇಲ್ಲ.

ಹಸುಗಳ ಬಗ್ಗೆ ಒಂದು ಮಾತು. ನಮ್ಮೂರಿನ ಅಭ್ಯಾಸದಲ್ಲಿ ಮೈ ಸವರಲು ಹೋಗಬೇಡಿ. ಕರು ಜೊತೆಗಿದ್ದರಂತೂ ದೂರದಿಂದಲೇ ಸುತ್ತಿಕೊಂಡು ಹೋಗಿ. ಬೇಲಿಯ ತಂತಿಯಲ್ಲಿ ಕರೆಂಟ್ ಇರುತ್ತದೆ. ಗೇಟ್ ತೆಗೆದರೆ ದಾಟಿದ ಮೇಲೆ ಮುಚ್ಚಲೇಬೇಕು.

ಅಪ್ಪ ಅಮ್ಮನನ್ನು ಸೇರುವುದರಲ್ಲಿ ನಾವು ಒಂದು ತಪ್ಪು ಮಾಡಿದೆವು. "ಮೇಲೆ ಬಂದು ಫೋನ್ ಮಾಡ್ತೀವಮ್ಮ" ಅಂದಿದ್ದೆವು. ಅಪ್ಪನ ಫೋನ್‌ನಲ್ಲಿ ರೋಮಿಂಗ್ ಕೆಲಸ ಮಾಡಲಿಲ್ಲ. ಜನಜಂಗುಳಿಯಲ್ಲಿ ನಲವತ್ತು ನಿಮಿಷ ಹುಡುಕಿದೆವು. ಸಿಕ್ಕಾಗ ಅಮ್ಮನ ಕಣ್ಣಲ್ಲಿ ನೀರಿತ್ತು. ನೀವು ಹೊರಡುವ ಮೊದಲೇ ಜಾಗ ಮತ್ತು ಗಂಟೆ ಎರಡನ್ನೂ ಗೊತ್ತುಮಾಡಿಕೊಳ್ಳಿ, ಒಂದು ಚೀಟಿಯಲ್ಲಿ ಬರೆದು ಕೊಡಿ.

ಮೇಲೆ ಹೋಟೆಲ್ ಇದೆ, ಆದರೆ ಬೆಲೆ ಜಾಸ್ತಿ. ಹಿಂದಿನ ರಾತ್ರಿ ಮಾಡಿಟ್ಟ ಚಪಾತಿ, ಶೇಂಗಾ ಚಟ್ನಿಪುಡಿ, ಊರಿನ ಅಂಗಡಿಯಲ್ಲಿ ಕೊಂಡ ಮೊಸರು ನಮ್ಮ ಊಟ. ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳು ಸಾಲಾಗಿ ನಿಂತಿದ್ದವು. ಅಮ್ಮ ಎರಡು ಚಪಾತಿ ಜಾಸ್ತಿಯೇ ತಿಂದರು. ನೀರಿನ ತೊಟ್ಟಿಗಳ ಮೇಲೆ "ಕೈನ್ ಟ್ರಿಂಕ್‌ವಾಸರ್" ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಮನೆಯವರಿಗೆಲ್ಲ ಆ ಪದ ತೋರಿಸಿಡಿ.

ಇಳಿಯುವ ದಾರಿ ಇನ್ನೂ ಚಂದ. ನಡುವೆ ಸಿಗುವ ವೆಂಗರ್ನ್‌ಆಲ್ಪ್ ನಿಲ್ದಾಣದ ಹತ್ತಿರ ಯುಂಗ್‌ಫ್ರೌ ಕೈಗೆ ಸಿಗುವಷ್ಟು ಹತ್ತಿರ ಅನಿಸುತ್ತದೆ. ಅಲ್ಲಿ ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ. ಎದುರಿನ ಬೆಟ್ಟದಿಂದ ಹಿಮ ಕಳಚಿ ಬೀಳುವುದು ಮೊದಲು ಬಿಳಿ ಪುಡಿಯ ಹಾಗೆ ಕಾಣುತ್ತದೆ, ಸ್ವಲ್ಪ ತಡೆದು ಗುಡುಗಿನಂಥ ಸದ್ದು ಬರುತ್ತದೆ. ನಾವು ಮೂರು ಸಲ ಕೇಳಿದೆವು. ರೈಲಿನ ಕಿಟಕಿಯಿಂದ ಇದು ಸಿಗುವುದಿಲ್ಲ.

ಇಳಿಜಾರಿನಲ್ಲಿ ಬೆರಳುಗಳು ಶೂ ತುದಿಗೆ ಒತ್ತುತ್ತವೆ. ನನ್ನ ಶೂ ಅಳತೆಗೆ ಬಿಗಿಯಾಗಿತ್ತು, ಎರಡು ಉಗುರು ಕಪ್ಪಾಗಿ ಒಂದು ವಾರ ನೋವು ತಿಂದೆ. ಅರ್ಧ ಸೈಜ್ ದೊಡ್ಡದು ತಗೊಳ್ಳಿ, ಉಗುರು ಕತ್ತರಿಸಿಕೊಂಡು ಹೊರಡಿ. ಮಳೆ ಕೋಟು ಮತ್ತು ಸ್ವೆಟರ್ ಬಿಸಿಲಿದ್ದರೂ ಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಅಲ್ಲಿ ಮಾಮೂಲು. ಅದಕ್ಕೇ ಬೇಗ ಹೊರಡಿ ಅನ್ನುವುದು. ಜೂನ್ ಮೊದಲಲ್ಲಿ ಮೇಲೆ ಹಿಮ ಉಳಿದಿರಬಹುದು. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬೆಟ್ಟದಲ್ಲಿ ಅಪಾಯವಾದರೆ ಹೆಲಿಕಾಪ್ಟರ್ ನೆರವಿಗೆ 1414, ಸಾಮಾನ್ಯ ತುರ್ತು ಕರೆಗೆ 112.

ಸ್ವಿಸ್ ಟ್ರಾವೆಲ್ ಪಾಸ್ ಇದ್ದವರು ಗಮನಿಸಿ: ಅದು ಈಚೆ ಗ್ರಿಂಡೆಲ್‌ವಾಲ್ಡ್‌ವರೆಗೆ, ಆಚೆ ವೆಂಗೆನ್‌ವರೆಗೆ ಪೂರ್ತಿ ನಡೆಯುತ್ತದೆ. ನಡುವಿನ ಘಟ್ಟದ ರೈಲಿಗೆ ರಿಯಾಯಿತಿ ಮಾತ್ರ. ಪೂರ್ತಿ ನಡೆದವರಿಗೆ ಆ ಖರ್ಚೇ ಇಲ್ಲ. ನಮ್ಮ ಮನೆಯಲ್ಲಿ ಅಪ್ಪ ಅಮ್ಮನ ಟಿಕೆಟ್ ಮಾತ್ರ ಕೊಂಡೆವು.

ವೆಂಗೆನ್ ಕಾರು ಹೋಗದ ಊರು. ಅಲ್ಲಿಂದ ಕೆಳಗಿನ ಲೌಟರ್‌ಬ್ರುನ್ನೆನ್‌ಗೆ ನಡೆಯುವ ದಾರಿ ಬಹಳ ಕಡಿದು. ಆ ಹೊತ್ತಿಗೆ ಮಂಡಿ ಸೋತಿರುತ್ತದೆ, ರೈಲಿನಲ್ಲೇ ಇಳಿಯಿರಿ. ಕೆಳಗೆ ಸ್ಟೌಬ್‌ಬಾಖ್ ಜಲಪಾತವಿದೆ, 297 ಮೀಟರ್. ನಮ್ಮ ಜೋಗಕ್ಕಿಂತ ಎತ್ತರ, ಆದರೆ ಎಳೆ ಬಲು ತೆಳು. ಗ್ರಿಂಡೆಲ್‌ವಾಲ್ಡ್‌ಗೆ ವಾಪಸಾಗುವವರು ತ್ಸ್ವೈಲ್ಯೂಚಿನೆನ್‌ನಲ್ಲಿ ರೈಲು ಬದಲಿಸಬೇಕು. ನಿದ್ದೆ ಹತ್ತಿರುತ್ತದೆ, ಯಾರಾದರೂ ಒಬ್ಬರು ಎಚ್ಚರವಾಗಿರಿ.