ಗ್ರುಯೇರ್ ಊರಿನಲ್ಲೊಂದು ಫಾಂಡ್ಯು ಊಟ: ಹೋಗುವವರು ತಿಳಿದಿರಬೇಕಾದ ಸಂಗತಿಗಳು

ಸ್ವಿಟ್ಜರ್ಲೆಂಡಿಗೆ ಹೋಗುವ ನಮ್ಮವರಲ್ಲಿ ಅನೇಕರು ಹಗಲೆಲ್ಲ ಹಿಮಪರ್ವತಗಳನ್ನು ನೋಡಿ, ರಾತ್ರಿಯ ಊಟಕ್ಕೆ ಭಾರತೀಯ ಹೋಟೆಲನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಹೊತ್ತಿನ ಊಟವನ್ನಾದರೂ, ಕರಗಿಸಿದ ಬಿಸಿ ಚೀಸಿಗೆ ಬ್ರೆಡ್ಡಿನ ತುಂಡು ಅದ್ದಿ ತಿನ್ನುವ ಫಾಂಡ್ಯುವಿಗೆ ಮೀಸಲಿಡಬೇಕು, ಅದನ್ನೂ ಸಾಧ್ಯವಾದರೆ ಅದರ ಚೀಸ್ ತಯಾರಾಗುವ ಫ್ರಿಬೂರ್ ಪ್ರಾಂತ್ಯದಲ್ಲಿಯೇ ಉಣ್ಣಬೇಕು ಎಂಬುದು ನನ್ನ ಆಗ್ರಹದ ಸಲಹೆ. ಸಸ್ಯಾಹಾರಿಗಳೂ ಮದ್ಯ ಮುಟ್ಟದವರೂ ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕಾಗುತ್ತದೆ, ಅಷ್ಟೆ.

ನಾನೂ ನನ್ನ ಪತ್ನಿಯೂ ಹೋದದ್ದು ಗ್ರುಯೇರ್ ಎಂಬ ಪುಟ್ಟ ಊರಿಗೆ. ಗುಡ್ಡದ ಮೇಲೊಂದು ಕೋಟೆ, ಕಲ್ಲು ಹಾಸಿದ ಒಂದೇ ಬೀದಿ, ಅದರ ಎರಡೂ ಬದಿಯಲ್ಲಿ ಹಳೆಯ ಮನೆಗಳು, ಊರೆಂದರೆ ಇಷ್ಟೇ. ಫ್ರಿಬೂರ್ ನಗರದಿಂದ ಬರುವವರು ಬುಲ್ ಮೂಲಕವೂ, ಮಾಂತ್ರೋ ಕಡೆಯಿಂದ ಬರುವವರು ಮೋಂಬೊವೋಂ ನಿಲ್ದಾಣದಲ್ಲಿ ರೈಲು ಬದಲಿಸಿಯೂ ಇಲ್ಲಿಗೆ ತಲುಪಬಹುದು. ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ. ಅದರ ಎದುರಿಗೇ ಲಾ ಮೇಜೋಂ ದ್ಯು ಗ್ರುಯೇರ್ ಎಂಬ ಚೀಸ್ ಕೇಂದ್ರವಿದ್ದು, ತಾಮ್ರದ ದೊಡ್ಡ ಕಡಾಯಿಗಳಲ್ಲಿ ಹಾಲು ಹೆಪ್ಪುಗಟ್ಟುವುದನ್ನು ಗಾಜಿನ ಈಚೆ ನಿಂತು ನೋಡಬಹುದು. ಸುಮಾರು 35 ಕಿಲೋ ತೂಗುವ ಒಂದು ಚೀಸ್ ಗಾಲಿಗೆ 400 ಲೀಟರ್ ಹಾಲು ಬೇಕಾಗುತ್ತದೆ. ಮೊದಲು ಇದನ್ನು ನೋಡಿ, ಅನಂತರ ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿ ಊಟಕ್ಕೆ ಕೂರುವುದು ಒಳ್ಳೆಯ ಕ್ರಮ. ಹತ್ತುವಷ್ಟರಲ್ಲಿ ಹಸಿವೂ ಆಗಿರುತ್ತದೆ. ಸ್ವಿಟ್ಜರ್ಲೆಂಡಿನ ಅನೇಕ ಹೋಟೆಲುಗಳಲ್ಲಿ ಮಧ್ಯಾಹ್ನ ಎರಡರ ನಂತರ ಸಂಜೆ ಆರರವರೆಗೆ ಅಡುಗೆಮನೆ ಮುಚ್ಚಿರುತ್ತದೆಯಾದ್ದರಿಂದ ಹನ್ನೆರಡರ ಹೊತ್ತಿಗೇ ತಲುಪುವುದು ಮೇಲು. ಭಾನುವಾರವಾದರೆ ಮೇಜನ್ನು ಮುಂಗಡವಾಗಿ ಕಾಯ್ದಿರಿಸಲೇಬೇಕು.

ಮೆನು ಓದುವಾಗ ಎಚ್ಚರಿಕೆ ಇರಲಿ. ಫಾಂಡ್ಯು ಎಂದ ಮಾತ್ರಕ್ಕೆ ಅದು ಚೀಸಿನದೇ ಆಗಿರಬೇಕಿಲ್ಲ. ಫಾಂಡ್ಯು ಬೂರ್ಗಿನ್ಯೋನ್ ಎಂದರೆ ಕಾದ ಎಣ್ಣೆಯಲ್ಲಿ ಮಾಂಸದ ತುಂಡು ಕರಿದು ತಿನ್ನುವ ಊಟ, ಫಾಂಡ್ಯು ಶಿನ್ವಾಜ್ ಎಂದರೆ ಮಾಂಸವನ್ನು ಸಾರಿನಲ್ಲಿ ಬೇಯಿಸಿಕೊಳ್ಳುವ ಊಟ. ಚೀಸಿನದರಲ್ಲಿ ಈ ಪ್ರಾಂತ್ಯದ ಹೆಮ್ಮೆ ಮ್ವಾತಿಯೇ-ಮ್ವಾತಿಯೇ, ಅಂದರೆ ಗ್ರುಯೇರ್ ಮತ್ತು ವಾಶ್ರಾಂ ಫ್ರಿಬೂರ್ಜ್ವಾ ಎಂಬ ಎರಡು ಚೀಸುಗಳನ್ನು ಸಮಪಾಲಿನಲ್ಲಿ ಬೆರೆಸಿದ್ದು. ಇದನ್ನು ಬಿಳಿ ವೈನಿನಲ್ಲಿ ಕರಗಿಸಿ, ಸಾಮಾನ್ಯವಾಗಿ ಕಿರ್ಷ್ ಎಂಬ ಚೆರಿ ಹಣ್ಣಿನ ಮದ್ಯವನ್ನೂ ಸೇರಿಸುತ್ತಾರೆ. ಕುದಿಸಿದರೆ ಮದ್ಯದ ಅಂಶವೆಲ್ಲ ಆವಿಯಾಗಿ ಹೋಗುತ್ತದೆಂಬ ಮಾತನ್ನು ನಂಬಬೇಡಿ. ಮದ್ಯ ಬೇಡವೆನ್ನುವವರಿಗೆ ಇದೇ ಪ್ರಾಂತ್ಯದಲ್ಲಿ ಸೊಗಸಾದ ಪರ್ಯಾಯವಿದೆ. ಕೇವಲ ವಾಶ್ರಾಂ ಚೀಸಿನ ಫಾಂಡ್ಯುವನ್ನು ಸಂಪ್ರದಾಯದಂತೆ ನೀರಿನಲ್ಲಿಯೇ, ಕುದಿಯಲು ಬಿಡದೆ, ಸಣ್ಣ ಉರಿಯಲ್ಲಿ ಕರಗಿಸುತ್ತಾರೆ. ಆದರೂ ಆರ್ಡರ್ ಕೊಡುವಾಗ 'ಸಾಂ ಆಲ್ಕೋಲ್', ಅಂದರೆ ಮದ್ಯವಿಲ್ಲದೆ, ಎಂದು ಸ್ಪಷ್ಟವಾಗಿ ಹೇಳಿಬಿಡಿ.

ಸಸ್ಯಾಹಾರಿಗಳು ತಿಳಿಯಬೇಕಾದ ಇನ್ನೊಂದು ಮುಖ್ಯ ಸಂಗತಿಯನ್ನು ಅಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಗ್ರುಯೇರ್ ಚೀಸಿಗೆ ಹಾಲು ಒಡೆಯಲು ಬಳಸುವುದು ಕರುವಿನ ಜಠರದಿಂದ ತೆಗೆದ ರೆನೆಟ್. ಮಾಂಸ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅಲ್ಲಿನವರು ಇದನ್ನು ಸಸ್ಯಾಹಾರವೆಂದೇ ಎಣಿಸುತ್ತಾರೆ. ಕಟ್ಟುನಿಟ್ಟಿನ ವ್ರತ ಉಳ್ಳವರು, ವಿಶೇಷವಾಗಿ ಹಿರಿಯರನ್ನು ಕರೆದುಕೊಂಡು ಹೋಗುವವರು, ಮೇಜಿನ ಮುಂದೆ ಕುಳಿತ ಮೇಲಲ್ಲ, ಮನೆಯಿಂದ ಹೊರಡುವ ಮೊದಲೇ ಈ ವಿಷಯದಲ್ಲಿ ತಮ್ಮ ನಿರ್ಧಾರ ಮಾಡಿಕೊಳ್ಳಬೇಕು.

ನಮ್ಮ ಮೇಜಿಗೆ ಮೊದಲು ಬಂದದ್ದು ಸ್ಪಿರಿಟ್ ಒಲೆ, ಅದರ ಮೇಲೆ ಕಾಕ್ಲೋನ್ ಎಂಬ ಹಿಡಿಯುಳ್ಳ ದಪ್ಪ ತಳದ ಪಾತ್ರೆ. ಒಳಗೆ ಬೆಣ್ಣೆಯ ಬಣ್ಣದ ಚೀಸ್ ಅಂಚಿನಲ್ಲಿ ಮಾತ್ರ ಸಣ್ಣಗೆ ಗುಳ್ಳೆಯೇಳುತ್ತಿತ್ತು. ಪಾತ್ರೆಗೆ ಸವರಿದ ಬೆಳ್ಳುಳ್ಳಿಯ ವಾಸನೆ ಹದವಾಗಿ ಮೂಗಿಗೆ ಬಡಿಯಿತು. ಜೊತೆಗೆ ಸಿಪ್ಪೆ ಸಹಿತ ಬೇಯಿಸಿದ ಸಣ್ಣ ಆಲೂಗಡ್ಡೆ, ಹುಳಿಯಲ್ಲಿ ಹಾಕಿದ ಎಳೆ ಸೌತೆ ಮತ್ತು ಸಣ್ಣ ಈರುಳ್ಳಿ ಬಂದವು. ಬ್ರೆಡ್ಡಿನ ಪ್ರತಿ ತುಂಡಿಗೂ ಗಟ್ಟಿಯಾದ ಹೊರಪದರ ಇರುವಂತೆ ನೋಡಿಕೊಂಡು, ಮೆತ್ತಗಿನ ಕಡೆಯಿಂದ ಚುಚ್ಚಿ ಹೊರಪದರಕ್ಕೆ ಫೋರ್ಕನ್ನು ನಾಟಿಸಬೇಕು; ಇಲ್ಲವಾದರೆ ತುಂಡು ಪಾತ್ರೆಯೊಳಗೇ ಉಳಿದುಬಿಡುತ್ತದೆ. ಅದ್ದುವಾಗ ಎಂಟರ ಆಕಾರದಲ್ಲಿ ತಳದವರೆಗೂ ತಿರುವಬೇಕು, ಏಕೆಂದರೆ ಕೈ ನಿಂತರೆ ಚೀಸ್ ಬೇರೆ, ನೀರು ಬೇರೆ ಆಗುತ್ತದೆ. ಅವಸರ ಮಾಡುವ ಊಟ ಇದಲ್ಲ. ಒಂದೂವರೆ ಗಂಟೆಯಾದರೂ ಬೇಕು. ಒಬ್ಬರಿಗೆ 200 ಗ್ರಾಂನಷ್ಟು ಚೀಸ್ ಇರುವುದರಿಂದ ಮಕ್ಕಳೊಡನೆ ಹೋಗುವವರು ತಲೆಗೊಂದರಂತೆ ಆರ್ಡರ್ ಕೊಡದೆ, ಕಡಿಮೆ ಪಾಲು ಕೇಳಿ ನೋಡುವುದು ಜಾಣತನ.

ಕೊನೆಯಲ್ಲಿ ತಳ ಹಿಡಿದ ಚೀಸನ್ನು ಬಿಟ್ಟು ಏಳಬೇಡಿ. ಲಾ ರೆಲಿಜ್ಯೂಜ್ ಎಂದು ಕರೆಯುವ, ಕಂದುಬಣ್ಣಕ್ಕೆ ತಿರುಗಿದ ಆ ಗರಿಗರಿ ಪದರವನ್ನು ಬಡಿಸುವವರು ಚಾಕುವಿನಿಂದ ಎಬ್ಬಿಸಿ ಪಾಲು ಮಾಡಿಕೊಟ್ಟರು. ಬೆಣ್ಣೆ ಕಾಯಿಸಿದ ಪಾತ್ರೆಯ ತಳದ ಗಸಿಗೆ ಅನ್ನ ಕಲಸಿ ತಿಂದು ಬೆಳೆದವರಿಗೆ ಅದರ ರುಚಿಯನ್ನು ವಿವರಿಸಬೇಕಾಗಿಲ್ಲ.

ಫಾಂಡ್ಯು ಜೊತೆ ತಣ್ಣೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆಂಬುದು ಅಲ್ಲಿನವರ ನಂಬಿಕೆ. ಅವರು ಬಿಳಿ ವೈನನ್ನೋ ಬಿಸಿ ಕಪ್ಪು ಚಹಾವನ್ನೋ ಕುಡಿಯುತ್ತಾರೆ. ಜ್ಯೂರಿಕ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈನ್ ಕುಡಿದವರ ಹೊಟ್ಟೆ ಚಹಾ ಕುಡಿದವರದಕ್ಕಿಂತ ನಿಧಾನವಾಗಿ ಖಾಲಿಯಾಯಿತೆಂದು ಕಂಡುಬಂದಿತ್ತು. ಹಾಲಿಲ್ಲದ ಚಹಾ ನಮಗೂ ಹಿತವಾಯಿತು.

ಬೆಲೆ ಒಬ್ಬರಿಗೆ ಸಾಮಾನ್ಯವಾಗಿ 25ರಿಂದ 35 ಫ್ರಾಂಕ್. ಹಲವೆಡೆ ಕನಿಷ್ಠ ಇಬ್ಬರಿಗೆ ಮಾತ್ರ ಕೊಡುತ್ತಾರೆ, ಆದ್ದರಿಂದ ಒಂಟಿಯಾಗಿ ಹೋಗುವವರು ಮೊದಲೇ ಕೇಳಬೇಕು. ಸೇವಾಶುಲ್ಕ ಬಿಲ್ಲಿನಲ್ಲಿಯೇ ಸೇರಿರುತ್ತದೆ. ಚಿಲ್ಲರೆಯನ್ನು ಬಿಟ್ಟುಬಂದರೆ ಸಾಕು. ಚೀಸಿನ ವಾಸನೆ ಉಣ್ಣೆಯ ಬಟ್ಟೆಗೆ ಹಿಡಿದರೆ ಬೇಗ ಹೋಗುವುದಿಲ್ಲವಾದ್ದರಿಂದ ಮರುದಿನಕ್ಕೂ ಬೇಕಾದ ಕೋಟನ್ನು ಮೇಜಿನಿಂದ ದೂರವಿಡಿ. ಗ್ರುಯೇರ್‌ವರೆಗೆ ಹೋಗಲಾಗದವರು ಚಳಿಗಾಲದಲ್ಲಿ ಜಿನೀವಾದಲ್ಲಿದ್ದರೆ, ಸರೋವರದ ದಂಡೆಯ ಬ್ಯಾಂ ದೆ ಪಾಕೀ ಎಂಬ ಸ್ನಾನಘಟ್ಟದ ಉಪಾಹಾರಗೃಹದಲ್ಲಿ ಉದ್ದನೆಯ ಮೇಜುಗಳಲ್ಲಿ ಎಲ್ಲರೊಡನೆ ಕುಳಿತು ಫಾಂಡ್ಯು ತಿನ್ನಬಹುದು. ಅಲ್ಲಿಯದು ನೊರೆಯುವ ವೈನಿನಲ್ಲಿ ಮಾಡಿದ್ದೆಂದು ಮದ್ಯ ಮುಟ್ಟದವರು ನೆನಪಿಟ್ಟುಕೊಳ್ಳಬೇಕು.