ಅಳದ ಮಗು

ಮಂಗಳವಾರ, ಮಾರ್ಚ್ 12, 2024

ಮಧ್ಯಾಹ್ನದ ತರಗತಿಯಲ್ಲಿ ಮೇಡಂ ಒಂದು ಹಳೆಯ ಕಪ್ಪು ಬಿಳುಪು ಸಾಕ್ಷ್ಯಚಿತ್ರ ಹಾಕಿದರು. 1952ರದ್ದು, ಬ್ರಿಟನ್ನಿನದು. ತೆಗೆದವರು, ತಾಯಿ-ಮಗುವಿನ ನಂಟಿನ ಬಗ್ಗೆ ಅಧ್ಯಯನ ಮಾಡಿದ ಮನೋವೈದ್ಯ ಜಾನ್ ಬೌಲ್ಬಿ ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್. ಎರಡೂವರೆ ವರ್ಷವೂ ತುಂಬದ ಹುಡುಗಿಯೊಬ್ಬಳು ಸಣ್ಣದೊಂದು ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ಆಗೆಲ್ಲ ಅಮ್ಮ ಜೊತೆಗಿರುವ ಹಾಗಿರಲಿಲ್ಲ, ಬಂದು ನೋಡಿ ಹೋಗಬೇಕಿತ್ತು. ಚಿತ್ರದಲ್ಲಿ ಆಗಾಗ ಗೋಡೆಯ ಗಡಿಯಾರ ಕಾಣುತ್ತದೆ. ತನಗೆ ಬೇಕಾದ ಗಳಿಗೆಗಳನ್ನಷ್ಟೇ ಆರಿಸಿಕೊಂಡ ಅಂತ ಯಾರೂ ಅನ್ನಬಾರದೆಂದು ದಿನವೂ ಗೊತ್ತುಮಾಡಿಕೊಂಡ ಹೊತ್ತಿಗೇ ಚಿತ್ರೀಕರಿಸಿದ್ದರಂತೆ.

ನಮ್ಮ ಕೈಯಲ್ಲಿ ಎಂದಿನ ಅವಲೋಕನ ಹಾಳೆ. ನಡುವೆ ಒಂದು ಗೆರೆ; ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ಆ ಹುಡುಗಿ ಅಳುವುದು ಬಲು ಅಪರೂಪ. ನಾನು ಬಲಗಡೆ 'ಚೆನ್ನಾಗಿ ಹೊಂದಿಕೊಂಡಿದ್ದಾಳೆ' ಅಂತ ಬರೆದುಬಿಟ್ಟೆ. ಆಮೇಲೆ ಅಮ್ಮ ನೋಡಲು ಬಂದಾಗ ಮುಖ ತಿರುಗಿಸಿದಳು. ಕೊನೆಯ ದಿನ ಮನೆಗೆ ಹೊರಟಾಗ ತನ್ನ ಆಟಿಕೆಗಳನ್ನೆಲ್ಲ ಎತ್ತಿಕೊಂಡಳು, ಅಮ್ಮನ ಕೈ ಮಾತ್ರ ಹಿಡಿಯಲಿಲ್ಲ. ಎಡಗಡೆ ಅದನ್ನು ಬರೆಯುವಾಗ ಬಲಗಡೆಯ ನನ್ನ ಸಾಲು ಸುಳ್ಳು ಅಂತ ಗೊತ್ತಾಯಿತು. ಮೇಡಂ ಹಿಂದೆ ಬಂದು ನಿಂತು, ಹಾಳೆ ನೋಡಿ, "ಹೊಡೆದುಹಾಕಬೇಡ, ಇರಲಿ. ನೋಡುವವರಿಗೆಲ್ಲ ಮೊದಲು ಹೀಗೇ ಅನಿಸುತ್ತೆ" ಅಂದರು.

ಅಂದಿನ ವೈದ್ಯರು ಬಹಳ ಮಂದಿ ಈ ಚಿತ್ರದ ಮೇಲೆ ಸಿಟ್ಟಾಗಿದ್ದರಂತೆ. ಗಲಾಟೆ ಮಾಡದ ಮಗು ಅಂದರೆ ಅವರ ಪಾಲಿಗೆ ನೆಮ್ಮದಿಯ ಮಗು. ಮಕ್ಕಳನ್ನು ನೋಡಲು ತಂದೆತಾಯಿಗೆ ಯಾವ ಹೊತ್ತಿನಲ್ಲೂ ಬಿಡಬೇಕು ಅಂತ ಅಲ್ಲಿನ ಸರ್ಕಾರಿ ಸಮಿತಿಯೊಂದು ಹೇಳಿದ್ದು 1959ರಲ್ಲಿ. ಜಾರಿಯಾಗಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಆಮೇಲೆ ಪಾಠ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅವರ ಇಪ್ಪತ್ತು ನಿಮಿಷಗಳ ಪ್ರಯೋಗದತ್ತ ಹೊರಳಿತು. ವರ್ಷ ತುಂಬಿದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ಅಮ್ಮ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ ಅಮ್ಮ ಮರಳಿದಾಗ ಏನು ಮಾಡಿತು ಅನ್ನುವುದನ್ನೇ ಅವರು ಮುಖ್ಯವಾಗಿ ನೋಡಿದ್ದು. ಅಮ್ಮ ಬಂದರೂ ತಲೆಯೆತ್ತದೆ ಆಡುತ್ತಿರುವ ಮಕ್ಕಳ ಎದೆಬಡಿತವನ್ನು 1977ರಲ್ಲಿ ಸ್ರೌಫ್ ಮತ್ತು ವಾಟರ್ಸ್ ಎಂಬ ಸಂಶೋಧಕರು ಅಳೆದು ನೋಡಿದರು. ಅದು ಏರಿತ್ತು. ಕೈ ಆಟಿಕೆಯ ಮೇಲೆ, ಎದೆ ಮಾತ್ರ ಡವಡವ. ಈ ಒಂದು ವಿಷಯಕ್ಕಾಗಿಯೇ ಈ ಓದಿಗೆ ಸೇರಿದ್ದು ಸಾರ್ಥಕ ಅನಿಸಿತು ನನಗೆ.

"ಇದನ್ನು ಹಿಡಿದುಕೊಂಡು ಮನೆಯವರಿಗೆಲ್ಲ ಹೆಸರು ಅಂಟಿಸಲು ಹೋಗಬೇಡಿ" ಅಂತ ಮೇಡಂ ಎಚ್ಚರಿಸಿದ್ದರು. ಆದರೂ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ತಮ್ಮ ಹುಟ್ಟಿದಾಗ ನನಗೂ ಹೆಚ್ಚುಕಡಿಮೆ ಆ ಚಿತ್ರದ ಹುಡುಗಿಯಷ್ಟೇ ವಯಸ್ಸು. ಅಮ್ಮ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು, ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. "ಒಂದು ದಿನವೂ ಅಳಲಿಲ್ಲ, ಎಂಥ ಜಾಣೆ" ಅನ್ನುವ ಮಾತು ನಮ್ಮ ಮನೆಯಲ್ಲಿ ಇಂದಿಗೂ ಓಡಾಡುತ್ತದೆ. ನಾನೂ ಅದನ್ನು ಹೆಮ್ಮೆಯಿಂದಲೇ ಕೇಳಿಕೊಂಡು ಬೆಳೆದವಳು.

"ಅಮ್ಮಾ, ನೀನು ವಾಪಸ್ ಬಂದಾಗ ನಾನೇನು ಮಾಡಿದೆ?"

ಸ್ವಲ್ಪ ಹೊತ್ತು ಮಾತಿಲ್ಲ.

"ಅಜ್ಜಿ ಸೆರಗು ಹಿಡ್ಕೊಂಡು ನಿಂತಿದ್ದೆ. ಬಾ ಅಂದೆ, ಬರಲಿಲ್ಲ. ಯಾರಿಗೂ ಹೇಳಿಲ್ಲ ನಾನು ಇದನ್ನ. ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಬಂದು ನನ್ನ ಬಳೆ ಹಿಡ್ಕೊಂಡು ಮಲಗಿದೆ. ಎಷ್ಟು ಬಿಗಿಯಾಗಿ ಅಂದ್ರೆ, ಪಾಪು ಅತ್ತರೂ ನಂಗೆ ಕೈ ಬಿಡಿಸಿಕೊಳ್ಳೋಕಾಗ್ಲಿಲ್ಲ."